ಇಂಟ್ರೋಲ್ ಆದ್ಮೇಲೆ

ನಮ್ಮ ಶಿಡ್ಲಘಟ್ಟದಲ್ಲಿ ರೀಲು ಅಂದರೆ
ಮೊದಲು ರೇಷ್ಮೆ, ಆಮೇಲೆ ಸಿನಿಮಾ.
ವಾರವೆಲ್ಲ ಬಿಸಿನೀರಲ್ಲಿ ಗೂಡು ತಡಕಿ
ಎಳೆಯ ತುದಿ ಹುಡುಕುತ್ತಿದ್ದ ನಾವು
ಶನಿವಾರ ಬಟವಾಡೆ ಎಣಿಸಿ, ಸೆರಗಿಗೆ ಗಂಟು ಹಾಕಿ
ಸೀದಾ ಗೂಡಿನ ಮಾರ್ಕೆಟ್ಟಿನ ಹಿಂದಿನ ಟಾಕೀಸಿಗೆ.
ಎಷ್ಟು ಸೋಪು ಉಜ್ಜಿದರೂ ಹೋಗದು ಬೆಂದ ಹುಳದ ವಾಸನೆ;
ನಾನು, ಶಮ್ಶಾದ್, ಗಂಗರತ್ನ ಕೂತ ಬೆಂಚಲ್ಲಿ
ತಾನಾಗೇ ಜಾಗ ಆಗುತ್ತಿತ್ತು.
ಕಾಲು ಚಾಚಿ ಕೂರುತ್ತಿದ್ದೆವು, ಜಮೀನ್ದಾರರ ಹಾಗೆ.

ಒಂದೇ ಪ್ರಿಂಟು, ಎರಡು ಊರು.
ಚಿಂತಾಮಣಿಯಲ್ಲಿ ಓಡಿ ಮುಗಿದ ಡಬ್ಬ
ಲೂನಾ ಹತ್ತಿ ಬರುವ ತನಕ ಬಿಳೀ ಪರದೆ,
ಫ್ಯಾನಿನ ಕಟಕಟ, ಕಡ್ಲೆಕಾಯಿ ಸಿಪ್ಪೆ,
ಸೋಡಾ ಪಿಳ್ಳಮುನಿಯಪ್ಪ ಓಪನರಿನಿಂದ
ಬಾಟ್ಲಿಗಳ ಮೇಲೆ ಎಳೆಯುವ ಟಿಣ್ ಟಿಣ್ ಟಿಣ್.
ಅಷ್ಟರಲ್ಲಿ ಕತೆಯನ್ನು ನಾವೇ ಮುಂದಕ್ಕೆ ನಡೆಸಿರುತ್ತಿದ್ದೆವು:
ಯಾರು ಯಾರನ್ನು ಕಟ್ಟಿಕೊಳ್ಳಬೇಕು, ಯಾರು ಸಾಯಬೇಕು.
ಡಬ್ಬ ಬಂದ ಮೇಲೆ ಕತೆ ಬೇರೆ ದಾರಿ ಹಿಡಿದರೆ
ಶಮ್ಶಾದ್ ಆಪರೇಟರನ ಕಿಂಡಿ ಕಡೆ ತಿರುಗಿ ಬೈಯುವಳು.

ಅಲ್ಲಿಂದ ಒಂದು ಮಾತು ನನ್ನ ಜೊತೆ ಮನೆಗೆ ಬಂತು.
ಮಗ ಮನೆ ಬಿಟ್ಟು ಹೋಗುತ್ತಾನೆ, ತಾಯಿ ಹೊಸಿಲಲ್ಲಿ ನಿಂತಿರುತ್ತಾಳೆ.
ಆಗ ಬರುವ ಮಾತು:
"ಅಳ್ಬೇಡ ಕಣಮ್ಮೋ, ಇಂಟ್ರೋಲ್ ಆದ್ಮೇಲೆ ಬತ್ತಾನೆ."

ಕರೆಂಟು ಹೋದರೆ ಅದೇ ಮಾತು.
ಫಿಲೇಚರಿಗೆ ಬೀಗ ಬಿದ್ದ ವರ್ಷ, ಅದೇ.
ಗಂಡ ಮೂರು ದಿನ ಮನೆ ಕಡೆ ತಲೆ ಹಾಕದಿದ್ದಾಗ
ನಿದ್ದೆ ಬಿಟ್ಟು ಕೂತ ಅತ್ತೆಗೂ ಅದನ್ನೇ ಹೇಳಿದೆ.
"ಯಾವ ಸಿನಿಮಾದ್ದೇ ಅದು?" ಅಂದರು.
ಹೆಸರು ಹೇಳಿದೆ, ಪ್ರಮಾಣ ಮಾಡುವಷ್ಟು ಗಟ್ಟಿಯಾಗಿ.

ಮೊನ್ನೆ ಅದೇ ಸಿನಿಮಾ ಟೀವಿಯಲ್ಲಿ ಹಾಕಿಕೊಟ್ಟಳು ಮಗಳು.
ಲೈಟು ಆರಿಸಿ, ಕಿಟಕಿ ಮುಚ್ಚಿ,
"ಮಧ್ಯದಲ್ಲಿ ಬಾಯಿ ಹಾಕಬೇಡಮ್ಮ" ಅಂದಳು.
ಹಾಕಲಿಲ್ಲ.
ತಾಯಿ ಹೊಸಿಲಿಗೆ ಬಂದಳು. ನಾನು ಮುಂದಕ್ಕೆ ಬಾಗಿದೆ.
ಗಾಳಿ. ಒಂದು ನಾಯಿ. ಆಮೇಲೆ ಉಸಿರಿನಷ್ಟೇ ಸಣ್ಣಗೆ
ಅವಳೇ ಅಂದಳು: "ಬಾಗಿಲು ತೆಗೆದೇ ಇರುತ್ತೆ."
ಅಷ್ಟೇ. ಪೇಟೆಯ ಸೀನು ಬಂತು.

ಹಿಂದಕ್ಕೆ ಓಡಿಸು ಅಂದೆ. ಇನ್ನೊಂದು ಸಲ. ಮತ್ತೊಂದು ಸಲ.
ಗಾಳಿ, ನಾಯಿ, ಬಾಗಿಲು.
"ನೀನೇ ಕಟ್ಟಿದ್ದು ಬಿಡಮ್ಮ" ಅಂದು ಮಗಳು ಮಲಗಲು ಹೋದಳು.

ಕುಕ್ಕರು ತೊಳೆಯುವಾಗ ಬಂತು, ಟಿಣ್ ಟಿಣ್ ಟಿಣ್.
ಪಿಳ್ಳಮುನಿಯಪ್ಪ!
ಟಾಕೀಸಿಗೆ ಟಾಕೀಸೇ ಮೂಗು ಸೀಟುವಾಗ
ಗಾಂಧಿ ಕ್ಲಾಸಿನ ಕತ್ತಲಲ್ಲಿ ನಿಂತು
ಮೊದಲು ತೆಲುಗಲ್ಲಿ ಕೂಗಿದ, ಆಮೇಲೆ ಕನ್ನಡದಲ್ಲಿ.
ಬಾಲ್ಕನಿಯಿಂದ ಯಾರೋ ಉರ್ದುವಿಗೆ ದಾಟಿಸಿದರು.
ನಗು ಮೂರು ಕಂತಲ್ಲಿ ಬಂತು,
ಅತ್ತ ಮುಖ ಒರೆಸಿಕೊಳ್ಳಲೂ ಬಿಡದೆ.

ಆ ನಗುವಿನ ಕೆಳಗೆ ಸಿಕ್ಕಿಕೊಂಡು
ಮೂವತ್ತೆರಡು ವರ್ಷ ಆ ತಾಯಿ ಹೇಳುತ್ತಲೇ ಇದ್ದಳು.
ಒಬ್ಬರಿಗೂ ಕೇಳಿಸಿರಲಿಲ್ಲ.

ಶಮ್ಶಾದಳಿಗೆ ಫೋನು ಮಾಡಿದೆ.
ಅವಳಿಗೆ ಸಿನಿಮಾ ನೆನಪಿಲ್ಲ, ತಾಯಿ ನೆನಪಿಲ್ಲ;
ಪಿಳ್ಳಮುನಿಯಪ್ಪ ಕೊಡಬೇಕಿದ್ದ ಎಂಟಾಣೆ ಚಿಲ್ಲರೆ ನೆನಪಿದೆ.

ರಾತ್ರಿ ಒಬ್ಬಳೇ ಮತ್ತೆ ಹಾಕಿದೆ.
ಎಷ್ಟು ಚೆನ್ನಾಗಿ ಕಾಣುತ್ತದೆ ಈಗ:
ಹೊಸಿಲಿನ ರಂಗೋಲಿ ಅರ್ಧ ಅಳಿಸಿರುವುದು,
ಅವಳ ಬಳೆಯಲ್ಲಿ ಒಂದು ಕಡಿಮೆ ಇರುವುದು.
"ಬಾಗಿಲು ತೆಗೆದೇ ಇರುತ್ತೆ" ಅಂದಳು.
ಅವಳು ಪೂರ್ತಿ ಮುಗಿಸಲಿ ಅಂತ ಕಾದು
ಗಂಟಲು ಸರಿಮಾಡಿಕೊಂಡು
"ಅಳ್ಬೇಡ ಕಣಮ್ಮೋ" ಅಂದೆ.

ತಡವಾಯಿತು.
ಪರದೆ ಮೇಲೆ ಆಗಲೇ ಪೇಟೆ,
ಯಾರೋ ಗುರುತಿಲ್ಲದವನು ಸೈಕಲ್ಲು ತುಳಿಯುತ್ತಿದ್ದ.